ಅಂಟಿಸಿದ ಪುಟಗಳು: ಹವಾಯಿಯ ಶಾಲೆಗಳಿಗೆ ಹವಾಯಿ ಮರಳಿದ ಪ್ರಕರಣ

1987ರಲ್ಲಿ ಹವಾಯಿಯ ಎರಡು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹವಾಯಿ ಭಾಷೆಯಲ್ಲೇ ಪಾಠ ನಡೆಯುವ ತರಗತಿಗಳು ಶುರುವಾದವು. ಒಂದು ಹೀಲೊ ಪಟ್ಟಣದ ಕೆಯೌಕಹದಲ್ಲಿ, ಇನ್ನೊಂದು ಒವಾಹು ದ್ವೀಪದ ವೈಯಾವ್‌ನಲ್ಲಿ. ತರಗತಿಯೇನೋ ಬಂತು, ಪುಸ್ತಕ ಇರಲಿಲ್ಲ. ಶಿಕ್ಷಕರೂ ತಂದೆತಾಯಿಯರೂ ಸೇರಿ ಇಂಗ್ಲಿಷ್ ಪುಸ್ತಕಗಳನ್ನು ಹರಡಿಕೊಂಡು, ಹವಾಯಿ ಅನುವಾದವನ್ನು ಚೀಟಿಗಳಲ್ಲಿ ಬರೆದು, ಕತ್ತರಿಸಿ, ಇಂಗ್ಲಿಷ್ ಸಾಲುಗಳ ಮೇಲೆ ಅಂಟಿಸಿದರು. ಅಂಟಿಸಿದ ಪುಸ್ತಕ ಹೇಗಿರುತ್ತದೆ ಎಂಬುದು ಶಾಲೆಯಲ್ಲಿ ಗೋಂದು ಬಳಸಿದ ಯಾರಿಗೂ ಗೊತ್ತು. ಪುಟಗಳು ಉಬ್ಬುತ್ತವೆ, ಪುಸ್ತಕ ಮುಚ್ಚಿದರೂ ಮುಚ್ಚಿಕೊಳ್ಳುವುದಿಲ್ಲ, ಕುತೂಹಲದ ಮಗು ಚೀಟಿಯ ಅಂಚನ್ನು ಉಗುರಿನಲ್ಲಿ ಎಬ್ಬಿಸಿ ಕೆಳಗೇನಿದೆ ಎಂದು ನೋಡುತ್ತದೆ.

ಕೆಳಗಿದ್ದದ್ದು ಇಂಗ್ಲಿಷ್ ಸಾಲು. ಪಕ್ಕದಲ್ಲಿದ್ದದ್ದು ಅಮೆರಿಕದ ಮುಖ್ಯಭೂಮಿಗೆಂದು ಬರೆದ ಚಿತ್ರ. ಮಾತು ಬದಲಾಗಿತ್ತು, ಮಾತನಾಡುತ್ತಿದ್ದ ಲೋಕ ಬದಲಾಗಿರಲಿಲ್ಲ. ಈ ಪ್ರಕರಣದ ತಿರುಳು ಇಲ್ಲೇ ಇದೆ ಎಂದು ನನಗೆ ತೋರುತ್ತದೆ. ಸ್ಥಳೀಯ ಜ್ಞಾನವನ್ನು ಶಾಲೆಗೆ ತರಬೇಕು ಎಂದಾಗ ವ್ಯವಸ್ಥೆಗೆ ಮೊದಲು ಹೊಳೆಯುವ ಉಪಾಯ ಅಂಟಿಸುವುದು. ವೇಳಾಪಟ್ಟಿಯ ಮೇಲೆ ಒಂದು ಪೀರಿಯಡ್, ಪಠ್ಯದ ಮೇಲೆ ಒಂದು ಚೀಟಿ, ಪ್ರಶ್ನೆಪತ್ರಿಕೆಯ ಮೇಲೆ ಒಂದು ಅನುವಾದ. ಹವಾಯಿ ಈ ಮೂರನ್ನೂ ಮಾಡಿ ನೋಡಿದೆ. ಮೂರೂ ಏಕೆ ಸಾಲದಾದವು ಎಂಬುದಕ್ಕೆ ಹವಾಯಿಯಷ್ಟು ಸ್ಪಷ್ಟವಾದ ದಾಖಲೆ ಪೆಸಿಫಿಕ್‌ನಲ್ಲಿ ವಿರಳ.

ಅಕ್ಷರ ಬಲ್ಲ ರಾಜ್ಯ

ಹವಾಯಿಯನ್ನು ‘ಹಿಂದೆ ವಸಾಹತಾಗಿದ್ದ ನಾಡು’ ಎಂದರೆ ಅಲ್ಲಿನ ಅನೇಕ ಮೂಲನಿವಾಸಿಗಳು ‘ಹಿಂದೆ’ ಎಂಬ ಪದವನ್ನೇ ಒಪ್ಪುವುದಿಲ್ಲ. ಅದು ಇಂದಿಗೂ ಅಮೆರಿಕದ ಒಂದು ರಾಜ್ಯ. 1893ರಲ್ಲಿ ವ್ಯಾಪಾರಿಗಳು ಮತ್ತು ಸಕ್ಕರೆ ತೋಟಗಳ ಹಿತಾಸಕ್ತಿಯವರ ಗುಂಪೊಂದು, ದಡಕ್ಕಿಳಿದ ಅಮೆರಿಕನ್ ನೌಕಾಪಡೆಯ ಬಲ ಬೆನ್ನಿಗಿರುವಾಗ, ರಾಣಿ ಲಿಲಿಯುಕಲಾನಿಯನ್ನು ಪದಚ್ಯುತಗೊಳಿಸಿತು. 1898ರಲ್ಲಿ ಅಮೆರಿಕ ದ್ವೀಪಗಳನ್ನು ತನ್ನೊಳಗೆ ಸೇರಿಸಿಕೊಂಡಿತು, 1959ರಲ್ಲಿ ರಾಜ್ಯವಾಗಿ ಮಾಡಿತು. 1993ರಲ್ಲಿ ಅಮೆರಿಕದ ಕಾಂಗ್ರೆಸ್ ಈ ಪದಚ್ಯುತಿಗೆ ಕ್ಷಮೆ ಕೇಳುವ ನಿರ್ಣಯ ಅಂಗೀಕರಿಸಿತು. ಕ್ಷಮೆಯ ಜೊತೆಗೆ ನೆಲವೇನೂ ಹಿಂದಿರುಗಲಿಲ್ಲ.

ಸ್ಥಳೀಯ ಜ್ಞಾನ ಎಂದ ಕೂಡಲೇ ಓದು ಬರಹ ಅರಿಯದ ಹಿರಿಯರು, ಅವರ ಬಾಯಲ್ಲಿ ಮಾತ್ರ ಉಳಿದ ಅರಿವು ಎಂಬ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಹವಾಯಿಯ ಮಟ್ಟಿಗೆ ಈ ಚಿತ್ರ ತಪ್ಪು. 1820ರಲ್ಲಿ ಮಿಷನರಿಗಳು ಬಂದರು, 1822ರಲ್ಲಿ ಮುದ್ರಣ ಶುರುವಾಯಿತು, 1834ರಲ್ಲಿ ಮಾವಿ ದ್ವೀಪದ ಲಹೈನಾಲುನ ಶಾಲೆಯಿಂದ ಮೊದಲ ಹವಾಯಿ ಪತ್ರಿಕೆ ಹೊರಬಂತು. ಅಲ್ಲಿಂದ 1948ರವರೆಗೆ ನೂರಕ್ಕೂ ಹೆಚ್ಚು ಪತ್ರಿಕೆಗಳು ಹವಾಯಿ ಭಾಷೆಯಲ್ಲಿ ನಡೆದವು. ಮೀನುಗಾರಿಕೆಯ ವಿಧಾನ, ಮದ್ದಿನ ಗಿಡ, ಗಾಳಿ ಮಳೆಗಳ ಹೆಸರು, ವಂಶಾವಳಿ, ಮಂತ್ರ, ರಾಜಕೀಯ ಜಗಳ, ಎಲ್ಲವನ್ನೂ ಜನ ಬರೆದು ಕಳಿಸುತ್ತಿದ್ದರು, ಮುಂದಿನ ವಾರ ಇನ್ನೊಬ್ಬರು ಅದನ್ನು ತಿದ್ದುತ್ತಿದ್ದರು. ಸುಮಾರು 1,25,000 ಪುಟಗಳ ಸಂಪತ್ತು ಅದು. ಶಾಲೆಗಳೂ ಹವಾಯಿ ಭಾಷೆಯಲ್ಲೇ ಇದ್ದವು.

ಹಾಗಾಗಿ ಜ್ಞಾನ ಅಳಿದುಹೋಯಿತು ಎನ್ನುವುದಕ್ಕಿಂತ ಓದುಗರನ್ನು ಅಳಿಸಲಾಯಿತು ಎನ್ನುವುದೇ ಸರಿ. 1896ರಲ್ಲಿ ರಾಣಿಯನ್ನು ಇಳಿಸಿದವರ ಸರ್ಕಾರ ತಂದ ಕಾನೂನು, ಎಲ್ಲ ಸರ್ಕಾರಿ ಮತ್ತು ಖಾಸಗಿ ಶಾಲೆಗಳಲ್ಲಿ ಬೋಧನೆಯ ಮಾಧ್ಯಮ ಇಂಗ್ಲಿಷ್ ಎಂದು ಸಾರಿತು. ಹವಾಯಿ ಮಾತನಾಡಿದ್ದಕ್ಕೆ ಶಾಲೆಯಲ್ಲಿ ಏಟು ತಿಂದ ನೆನಪುಗಳು ನಂತರದ ತಲೆಮಾರಿನ ಹಿರಿಯರ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಏಟು ತಿಂದವರು ತಮ್ಮ ಮಕ್ಕಳೊಂದಿಗೆ ಇಂಗ್ಲಿಷ್‌ನಲ್ಲೋ, ತೋಟಗಳಲ್ಲಿ ಹುಟ್ಟಿದ ಬೆರಕೆ ಮಾತಾದ ಪಿಜಿನ್‌ನಲ್ಲೋ ಮಾತನಾಡಿದರು. ಎರಡು ತಲೆಮಾರು ಸಾಕಾಯಿತು. 1980ರ ದಶಕದ ಆರಂಭಕ್ಕೆ ಹದಿನೆಂಟರ ಕೆಳಗಿನ, ಸರಾಗವಾಗಿ ಹವಾಯಿ ಆಡಬಲ್ಲ ಮಕ್ಕಳು ಐವತ್ತಕ್ಕಿಂತ ಕಡಿಮೆ ಎಂದು ಭಾಷೆಯ ಕಾರ್ಯಕರ್ತರು ಅಂದಾಜು ಮಾಡಿದ್ದರು.

ಅಜ್ಜಿಗೊಂದು ಪೀರಿಯಡ್

1978ರಲ್ಲಿ ರಾಜ್ಯದ ಸಂವಿಧಾನ ತಿದ್ದುಪಡಿಯಾಯಿತು. ಇಂಗ್ಲಿಷ್ ಜೊತೆಗೆ ಹವಾಯಿಯೂ ಅಧಿಕೃತ ಭಾಷೆಯಾಯಿತು. ಸರ್ಕಾರಿ ಶಾಲೆಗಳಲ್ಲಿ ಹವಾಯಿಯ ಭಾಷೆ, ಸಂಸ್ಕೃತಿ, ಇತಿಹಾಸಗಳನ್ನು ಕಲಿಸಬೇಕು, ಅದಕ್ಕೆ ಸಮುದಾಯದ ಪರಿಣತರನ್ನು ಬಳಸಿಕೊಳ್ಳಬೇಕು ಎಂಬ ವಿಧಿಯೂ ಸೇರಿತು. ಶಿಕ್ಷಣ ಇಲಾಖೆ ಕಂಡುಕೊಂಡ ದಾರಿ, ಕೂಪುನರನ್ನು ಅಂದರೆ ಹಿರಿಯ ಅಜ್ಜ ಅಜ್ಜಿಯರನ್ನು ಪ್ರಾಥಮಿಕ ಶಾಲೆಗಳಿಗೆ ಕರೆತಂದು ಹಾಡು, ಬಣ್ಣಗಳ ಹೆಸರು, ಎಣಿಕೆ, ಕಥೆ ಹೇಳಿಸುವುದು.

ಇದನ್ನು ಹೀಗಳೆಯಲು ಮನಸ್ಸು ಬಾರದು. ಒಂದು ಕಾಲದಲ್ಲಿ ಯಾವ ಮಾತಿಗೆ ಏಟು ಬಿದ್ದಿತ್ತೋ ಅದೇ ಮಾತನ್ನು ಅದೇ ಬಗೆಯ ಕೋಣೆಯಲ್ಲಿ ಗಟ್ಟಿಯಾಗಿ ಹೇಳಿಕೊಡುವ ಅಜ್ಜಿಗೆ ಅದು ಸಣ್ಣ ಸಂಗತಿಯಾಗಿರಲಾರದು. ಆದರೆ ವೇಳಾಪಟ್ಟಿಯಲ್ಲಿ ಅವರ ಸ್ಥಾನ ಅತಿಥಿಯದು. ಗಂಟೆ ಬಾರಿಸಿದರೆ ಎದ್ದು ಹೋಗಬೇಕು, ಅವರು ಹೋದ ಮೇಲೆ ‘ನಿಜವಾದ’ ಪಾಠ ಮುಂದುವರಿಯಬೇಕು. ಕಡಲ ಬಗ್ಗೆ ಅಜ್ಜಿ ಹೇಳಿದ್ದಕ್ಕೂ ವಿಜ್ಞಾನದ ಶಿಕ್ಷಕರು ಹೇಳುವುದಕ್ಕೂ ಸಂಬಂಧವಿದೆ ಎಂದು ಯಾರೂ ಮಗುವಿಗೆ ಹೇಳುತ್ತಿರಲಿಲ್ಲ. ಎಷ್ಟೇ ಸಿಹಿಯಾಗಿದ್ದರೂ ಅಂಕ ಇಲ್ಲದ ಪೀರಿಯಡ್ ಎಂಥದೆಂದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.

ದನಿಯ ಗೂಡು

ಬೇರೆ ದಾರಿ ಹಿಡಿದವರು ಇಲಾಖೆಯ ಹೊರಗಿದ್ದರು. ಲ್ಯಾರಿ ಕಿಮುರ 1972ರಿಂದ ರೇಡಿಯೊದಲ್ಲಿ ಹವಾಯಿ ಭಾಷೆಯ ಕಾರ್ಯಕ್ರಮವೊಂದನ್ನು ನಡೆಸುತ್ತಿದ್ದರು. ಊರೂರಿನ ಹಿರಿಯರನ್ನು ಮಾತಿಗೆಳೆದು ನೂರಾರು ಗಂಟೆಗಳ ಧ್ವನಿಮುದ್ರಣ ಕೂಡಿಹಾಕಿದ್ದರು. ಅವರೂ ಕೌಅನೋಯೆ ಕಮನಾ, ಪಿಲಾ ವಿಲ್ಸನ್ ಮುಂತಾದ ಕೆಲವೇ ಶಿಕ್ಷಕರೂ ಸೇರಿ 1983ರಲ್ಲಿ ‘ಪೂನನ ಲೆಯೊ’ ಸಂಸ್ಥೆಯನ್ನು ಕಟ್ಟಿದರು. ಪೂನನ ಎಂದರೆ ಗೂಡು, ಲೆಯೊ ಎಂದರೆ ದನಿ. ಮಾದರಿ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳದು. ಅಲ್ಲಿ 1982ರಲ್ಲಿ ಇಂಥದೇ ಭಾಷಾಗೂಡುಗಳು ಶುರುವಾಗಿದ್ದವು. ಮೊದಲ ಶಿಶುವಿಹಾರ 1984ರಲ್ಲಿ ಕವಾಯಿ ದ್ವೀಪದ ಕೆಕಹದಲ್ಲಿ ತೆರೆಯಿತು. ಜಾಗದ ಆಯ್ಕೆ ಆಕಸ್ಮಿಕವಲ್ಲ. ಹವಾಯಿ ಇನ್ನೂ ಮನೆಮಾತಾಗಿ ಉಳಿದಿದ್ದ ನೀಹಾವು ಎಂಬ ಪುಟ್ಟ ದ್ವೀಪದ ಕುಟುಂಬಗಳು ಆ ಕಡೆ ನೆಲೆಸಿದ್ದವು.

ಬಾಗಿಲು ತೆರೆದ ದಿನವೇ ಕಾನೂನಿನ ತೊಡಕು ಎದುರಾಯಿತು. 1896ರ ನಿರ್ಬಂಧದ ನೆರಳು ಇನ್ನೂ ಕಾನೂನಿನ ಪುಸ್ತಕದಲ್ಲಿತ್ತು. ಅದಕ್ಕಿಂತ ವಿಚಿತ್ರವಾದದ್ದು, ಶಿಶುವಿಹಾರದ ಸಿಬ್ಬಂದಿಗೆ ಬೇಕಾದ ಅರ್ಹತಾಪತ್ರ. ಭಾಷೆಯನ್ನು ತಾಯಿಯ ಹಾಲಿನೊಂದಿಗೆ ಕುಡಿದ ಅಜ್ಜಿಯ ಬಳಿ ಆ ಪತ್ರವಿಲ್ಲ, ಪತ್ರವಿದ್ದವರ ಬಳಿ ಭಾಷೆಯಿಲ್ಲ. ಮೂರು ವರ್ಷ ಶಾಸನಸಭೆಗೆ ಅಲೆದಾಡಿದ ಮೇಲೆ 1986ರಲ್ಲಿ ಎರಡೂ ತೊಡಕು ಸಡಿಲಗೊಂಡವು. ನಿಷೇಧ ಹೇರಿ ಸರಿಯಾಗಿ ತೊಂಬತ್ತು ವರ್ಷಕ್ಕೆ.

ಪೂನನ ಲೆಯೊ ತಂದೆತಾಯಿಯರನ್ನು ಸುಮ್ಮನೆ ಬಿಡಲಿಲ್ಲ. ಮಗುವನ್ನು ಸೇರಿಸಿದರೆ ತಾವೂ ಭಾಷಾ ತರಗತಿಗೆ ಬರಬೇಕು, ತಿಂಗಳಿಗೆ ಇಷ್ಟು ಗಂಟೆ ಶಾಲೆಯ ಕೆಲಸ ಮಾಡಬೇಕು. ಗುಡಿಸುವುದೋ ಬಡಗಿ ಕೆಲಸವೋ ಮೊದಲು ಹೇಳಿದ ಅಂಟಿಸುವ ಕೆಲಸವೋ, ಯಾವುದಾದರೂ ಸರಿ. ಈ ನಿಯಮವೇ ಇಡೀ ಪ್ರಯತ್ನದ ಬೆನ್ನುಮೂಳೆ ಎಂದು ನನ್ನ ಅನಿಸಿಕೆ. ಮಕ್ಕಳು ಶಿಶುವಿಹಾರ ಮುಗಿಸಿದಾಗ ಅವರನ್ನು ಇಂಗ್ಲಿಷ್ ಶಾಲೆಗೆ ಒಪ್ಪಿಸಲು ಇಷ್ಟವಿಲ್ಲದೆ ಸರ್ಕಾರದ ಬಾಗಿಲು ಬಡಿದವರು ಈ ತಂದೆತಾಯಿಯರೇ. 1987ರ ಆ ಎರಡು ತರಗತಿಗಳು ಹುಟ್ಟಿದ್ದು ಹೀಗೆ. ಇವಕ್ಕೆ ಕೈಯಾಪುನಿ ಎಂಬ ಹೆಸರು ಬಂತು. ನಾಲ್ಕನೆಯ ತರಗತಿಯವರೆಗೆ ಎಲ್ಲವೂ ಹವಾಯಿಯಲ್ಲಿ, ಐದರಿಂದ ದಿನಕ್ಕೆ ಒಂದು ಗಂಟೆ ಇಂಗ್ಲಿಷ್. 1992ರಲ್ಲಿ ಹನ್ನೆರಡನೆಯ ತರಗತಿಯವರೆಗೂ ಇದು ಮುಂದುವರಿಯಬಹುದು ಎಂಬ ಒಪ್ಪಿಗೆ ಸಿಕ್ಕಿತು. 1999ರಲ್ಲಿ, ಒಂದು ಶತಮಾನದ ನಂತರ, ಹವಾಯಿ ಮಾಧ್ಯಮದಲ್ಲೇ ಓದಿದ ವಿದ್ಯಾರ್ಥಿಗಳು ಪ್ರೌಢಶಾಲೆ ಮುಗಿಸಿದರು. ಅವರಲ್ಲಿ ಕೆಲವರು ಹೀಲೊ ಬಳಿಯ ಕೆಯಾವುವಿನಲ್ಲಿರುವ ನಾವಹೀ ಶಾಲೆಯವರು.

ಪದ ಸಾಲದೆ ಬಂದಾಗ

ಏಳನೆಯ ತರಗತಿಯ ವಿಜ್ಞಾನಕ್ಕೆ ಪದ ಬೇಕು. 1987ರಿಂದ ಪದಸಮಿತಿಯೊಂದು ಕೆಲಸ ಮಾಡಿತು. ಕಂಪ್ಯೂಟರಿಗೆ ‘ಲೊಲೊ ಉಇಲ’ ಎಂದಿತು, ಲೊಲೊ ಎಂದರೆ ಮಿದುಳು, ಉಇಲ ಎಂದರೆ ಮಿಂಚು ಅಥವಾ ವಿದ್ಯುತ್ತು. ಮಿಂಚಿನ ಮಿದುಳು! ಇಮೇಲ್‌ಗೆ ‘ಲೆಕ ಉಇಲ’. ಲೆಕ ಇಂಗ್ಲಿಷಿನ ಲೆಟರ್‌ನಿಂದಲೇ ಬಂದದ್ದು, ಹತ್ತೊಂಬತ್ತನೆಯ ಶತಮಾನದಲ್ಲೇ ಹವಾಯಿಯಾಗಿ ಹೋದ ಪದ. ಎಲ್ಲರಿಗೂ ಇದು ಹಿಡಿಸಲಿಲ್ಲ. ಮೊಮ್ಮಕ್ಕಳು ಆಡುವುದು ವಿಶ್ವವಿದ್ಯಾಲಯದ ಹವಾಯಿ, ತಮ್ಮದಲ್ಲ ಎಂದು ಮನೆಯಲ್ಲೇ ಭಾಷೆ ಕಲಿತ ಕೆಲವು ಹಿರಿಯರಿಗೆ ಅನಿಸಿತು. ಎರಡನೆಯ ಭಾಷೆಯಾಗಿ ಕಲಿತ ಶಿಕ್ಷಕರ ಉಚ್ಚಾರ, ವಾಕ್ಯದ ಲಯ ನೀಹಾವುವಿನ ಮಾತಿಗಿಂತ ಬೇರೆ ಎಂಬ ದೂರು ಇಂದಿಗೂ ಇದೆ. ದೂರು ನ್ಯಾಯವಾದದ್ದೇ. ಆದರೆ ದೂರು ಹೇಳಲಾದರೂ ಮೊಮ್ಮಕ್ಕಳು ಮಾತನಾಡುತ್ತಿದ್ದಾರಲ್ಲ.

ಭಾಷೆ ಗಟ್ಟಿಯಾದ ಮೇಲೆ ಅದರೊಳಗಿನ ಅರಿವು ತಾನಾಗಿ ಮೇಲೆದ್ದು ಬಂತು. ಇದಕ್ಕೆ ಎರಡು ಉದಾಹರಣೆ ಸಾಕು.

ಒಂದು, ಚಂದ್ರನದು. ಹವಾಯಿಯ ತಿಂಗಳಿನಲ್ಲಿ ಪ್ರತಿ ರಾತ್ರಿಗೂ ಹೆಸರಿದೆ. ತಿಥಿ ಬಲ್ಲ ಕನ್ನಡಿಗರಿಗೆ ಇದು ಹೊಸದಲ್ಲ, ಆದರೆ ನಮ್ಮ ಪಾಡ್ಯ ಬಿದಿಗೆಗಳು ಬರಿಯ ಎಣಿಕೆ. ಅವರಲ್ಲಿ ಹೆಸರೇ ಸೂಚನೆ. ಹನ್ನೊಂದನೆಯ ರಾತ್ರಿ ಹುನ, ಅಂದರೆ ಅಡಗಿದ್ದು. ನೆಲದೊಳಗೆ ಅಡಗುವ ಗೆಡ್ಡೆಗಳನ್ನು ನೆಡಲು ಒಳ್ಳೆಯದು. ಹದಿಮೂರನೆಯದು ಹುಅ, ಅಂದರೆ ಹಣ್ಣು, ಮೊಟ್ಟೆ, ಬೀಜ. ಏಳರಿಂದ ಹತ್ತರವರೆಗಿನ ನಾಲ್ಕು ರಾತ್ರಿಗಳ ಹೆಸರು ‘ಒಲೆ’ ಎಂಬುದರಿಂದ ಶುರುವಾಗುತ್ತದೆ, ಕೃಷ್ಣಪಕ್ಷದಲ್ಲಿ ಮತ್ತೆ ಮೂರು ಒಲೆ ಬರುತ್ತವೆ. ಹವಾಯಿಯಲ್ಲಿ ಒಲೆ ಎಂದರೆ ‘ಇಲ್ಲ’. ನೆಡಬೇಡ, ಮೀನಿಗೆ ಹೋಗಬೇಡ. ಒಲೆಯ ರಾತ್ರಿಗಳಲ್ಲಿ ಒಲೆಯ ಮೇಲಿಡಲು ಏನೂ ಸಿಗುವುದಿಲ್ಲ ಎಂದು ಕನ್ನಡದಲ್ಲಿ ನೆನಪಿಟ್ಟುಕೊಳ್ಳಬಹುದು.

ಇದನ್ನು ಗೋಡೆಯ ಚಾರ್ಟ್ ಮಾಡಿ ಮಕ್ಕಳಿಂದ ಬಾಯಿಪಾಠ ಹೇಳಿಸಿದರೆ ಅದೂ ಅಂಟಿಸಿದ ಚೀಟಿಯೇ. ಒಳ್ಳೆಯ ಶಿಕ್ಷಕರು ಮಾಡುವುದು ಬೇರೆ. ಮಕ್ಕಳು ರಾತ್ರಿ ಚಂದ್ರನನ್ನು ನೋಡಿ ಬರೆದುಕೊಳ್ಳುತ್ತಾರೆ, ಭರತ ಇಳಿತಗಳನ್ನು ಗುರುತಿಸುತ್ತಾರೆ, ಯಾವ ಗಿಡ ಹೂಬಿಟ್ಟಿತು, ಯಾವ ಮೀನು ಮೊಟ್ಟೆ ಕಟ್ಟಿದೆ ಎಂದು ಪಕ್ಕದಲ್ಲಿ ಸೇರಿಸುತ್ತಾರೆ. ಆ ಏಳೂ ಒಲೆ ರಾತ್ರಿಗಳು ಅರ್ಧಚಂದ್ರನ ಆಸುಪಾಸಿನಲ್ಲಿವೆ, ಆಗ ಭರತ ಇಳಿತಗಳ ನಡುವಿನ ಅಂತರ ಕಿರಿದು. ಇದನ್ನು ಪುಸ್ತಕ ಹೇಳುವ ಮೊದಲೇ ಮಗುವಿನ ನೋಟ್‌ಬುಕ್ ಹೇಳಬೇಕು. ಹಿರಿಯರ ಮಾತು ನಿಜವೇ ಎಂದು ಪರೀಕ್ಷಿಸುವುದು ಅಗೌರವವಲ್ಲ. ಹಿರಿಯರು ಆ ಹೆಸರಿಟ್ಟದ್ದೂ ಹಾಗೆ ನೋಡಿ ನೋಡಿಯೇ.

ಇನ್ನೊಂದು, ಮೀನಿನ ಕೊಳ. ಒವಾಹುವಿನ ಪೂರ್ವ ದಡದ ಹೆಎಯಾದಲ್ಲಿ ಕಡಲಿನ ಒಂದು ಭಾಗವನ್ನೇ ಕಲ್ಲುಗೋಡೆಯಿಂದ ಬಳಸಿ ಕಟ್ಟಿದ ಕೊಳವಿದೆ. 88 ಎಕರೆ, ಗೋಡೆಯ ಉದ್ದ ಸುಮಾರು 2 ಕಿಲೋಮೀಟರ್, ವಯಸ್ಸು 600ರಿಂದ 800 ವರ್ಷ ಎಂಬ ಅಂದಾಜು. ಗೋಡೆಯಲ್ಲಿ ಅಲ್ಲಲ್ಲಿ ‘ಮಾಕಾಹಾ’ ಎಂಬ ಬಾಗಿಲುಗಳಿವೆ. ಬಾಗಿಲೆಂದರೆ ಒತ್ತೊತ್ತಾಗಿ ನಿಲ್ಲಿಸಿದ ಕಡ್ಡಿಗಳ ಸಾಲು. ಭರತ ಏರುವಾಗ ಕಡಲಿನ ಮರಿಮೀನುಗಳು ಕಡ್ಡಿಗಳ ಸಂದಿಯಲ್ಲಿ ನುಸುಳಿ ಒಳಬರುತ್ತವೆ. ತೊರೆಯ ಸಿಹಿನೀರೂ ಕಡಲ ಉಪ್ಪುನೀರೂ ಬೆರೆಯುವ ಕೊಳದಲ್ಲಿ ಪಾಚಿ ಹುಲುಸು. ತಿಂದು ಕೊಬ್ಬಿದ ಮೀನು ಹೊರಹೋಗಲು ಬಾಗಿಲಿಗೆ ಬಂದರೆ ಸಂದಿ ಸಾಲುವುದಿಲ್ಲ. ಮೇವು ಹಾಕುವ ಖರ್ಚಿಲ್ಲ, ಬೆನ್ನಟ್ಟುವ ದೋಣಿಯಿಲ್ಲ.

1965ರ ಪ್ರವಾಹದಲ್ಲಿ ಈ ಗೋಡೆ ಒಡೆಯಿತು. ಹೊರಗಿನಿಂದ ಬಂದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಗೋಡೆಯನ್ನು ಮುಚ್ಚಿದವು. 2001ರಿಂದ ಸ್ಥಳೀಯ ಯುವಜನರ ಸಂಸ್ಥೆಯೊಂದು ಅದನ್ನು ಮತ್ತೆ ಕಟ್ಟಲು ಹೊರಟಿತು, ಶಾಲಾಮಕ್ಕಳು ತಂಡ ತಂಡವಾಗಿ ಬಂದು ಕೈಯಿಂದ ಕೈಗೆ ಕಲ್ಲು ದಾಟಿಸಿದರು. 2015ರ ಡಿಸೆಂಬರಿನಲ್ಲಿ ಸಾವಿರಾರು ಜನ ಸೇರಿ ಆ ಒಡಕನ್ನು ಮುಚ್ಚಿದರು. ಗಣಿತ, ಜೀವಶಾಸ್ತ್ರ, ಇತಿಹಾಸ ಎಂದು ಬೇರೆ ಬೇರೆ ಪೀರಿಯಡ್ ಮಾಡುವ ಶಾಲೆಗೆ ಈ ಕೊಳ ದೊಡ್ಡ ತಲೆನೋವು. ಅದು ಯಾವ ವಿಷಯ? ಕಡ್ಡಿಗಳ ನಡುವೆ ಎಷ್ಟು ಸಂದಿ ಬಿಡಬೇಕು ಎಂಬ ಪ್ರಶ್ನೆಯೊಂದರಲ್ಲೇ ಮೂರೂ ಇವೆ.

ಪ್ರಶ್ನೆಪತ್ರಿಕೆ ಯಾರದು?

ಇಷ್ಟಾದ ಮೇಲೂ ಶಾಲೆಯ ಕೀಲಿಕೈ ಬೇರೆಡೆ ಇತ್ತು. 2002ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಮೂರನೆಯ ತರಗತಿಯಿಂದ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ಕಡ್ಡಾಯ ಮಾಡಿತು, ಫಲಿತಾಂಶ ನೋಡಿ ಶಾಲೆಗೆ ಹಣೆಪಟ್ಟಿ ಕಟ್ಟುವ ಕ್ರಮ ತಂದಿತು. ಕೈಯಾಪುನಿ ಮಗು ಇಂಗ್ಲಿಷ್ ಪಾಠ ಕಾಣುವುದೇ ಐದನೆಯ ತರಗತಿಯಲ್ಲಿ. ಮೂರನೆಯ ತರಗತಿಯಲ್ಲಿ ಇಂಗ್ಲಿಷ್‌ನಲ್ಲಿ ಪರೀಕ್ಷೆ ಕೊಟ್ಟು, ಈ ಶಾಲೆ ಹಿಂದುಳಿದಿದೆ ಎಂದು ಬರೆಯುವುದಕ್ಕೆ ಏನೆನ್ನಬೇಕು? ಮಕ್ಕಳನ್ನು ಪರೀಕ್ಷೆಗೆ ಕಳಿಸದ ತಂದೆತಾಯಿಯರ ಸಂಖ್ಯೆ ನಾವಹೀಯಂಥ ಶಾಲೆಗಳಲ್ಲಿ ದೊಡ್ಡದಾಗಿತ್ತು.

ರಾಜ್ಯ ಕೊಟ್ಟ ಒಂದು ಪರಿಹಾರ ನಿರೀಕ್ಷಿತವೇ: ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಹವಾಯಿ ಅನುವಾದ. ಮತ್ತೆ ಚೀಟಿ. ಒಂದು ಭಾಷೆಯಲ್ಲಿ ಹುಟ್ಟಿದ ಪ್ರಶ್ನೆಯ ಕಷ್ಟ ಸುಲಭ ಇನ್ನೊಂದಕ್ಕೆ ದಾಟುವಾಗ ಹಾಗೇ ಉಳಿಯುವುದಿಲ್ಲ. ಅಲ್ಲಿ ಸಣ್ಣ ಪದ, ಇಲ್ಲಿ ಮೊನ್ನೆ ಸಮಿತಿ ಟಂಕಿಸಿದ, ತರಗತಿಗಿನ್ನೂ ಬಾರದ ಪದ. ಅಲ್ಲಿ ದಿನನಿತ್ಯದ ಸನ್ನಿವೇಶ, ಇಲ್ಲಿ ಕಂಡರಿಯದ್ದು. ಮಗು ತಪ್ಪು ಬರೆದರೆ ಲೆಕ್ಕ ತಿಳಿಯಲಿಲ್ಲವೋ ಅನುವಾದ ತಿಳಿಯಲಿಲ್ಲವೋ ಎಂದು ಹೇಳುವವರಿಲ್ಲ. ಶಿಕ್ಷಕರ ಪ್ರತಿಭಟನೆಯ ನಂತರ ಅದನ್ನು ಕೈಬಿಡಬೇಕಾಯಿತು.

2014–15ರ ಹೊತ್ತಿಗೆ ಬೇರೆಯೇ ಕೆಲಸ ಶುರುವಾಯಿತು. ಮಾನೋವದ ಹವಾಯಿ ವಿಶ್ವವಿದ್ಯಾಲಯದ ತಂಡ ಕೈಯಾಪುನಿ ಶಿಕ್ಷಕರನ್ನು ಕೂರಿಸಿಕೊಂಡು, ಪ್ರಶ್ನೆಗಳನ್ನು ಹವಾಯಿಯಲ್ಲೇ ಯೋಚಿಸಿ ಹವಾಯಿಯಲ್ಲೇ ಬರೆಯಿತು. ಮೂರು ಮತ್ತು ನಾಲ್ಕನೆಯ ತರಗತಿಗಳಿಂದ ಆರಂಭಿಸಿ, ಆಮೇಲೆ ಮೇಲಿನ ತರಗತಿಗಳಿಗೆ ವಿಸ್ತರಿಸಿತು. ಕೇಂದ್ರ ಸರ್ಕಾರ ಇಂಗ್ಲಿಷ್ ಪರೀಕ್ಷೆಯ ಬದಲಿಗೆ ಇದನ್ನು ಒಪ್ಪಿಕೊಂಡಿತು. ಪತ್ರಿಕೆಯ ಮುಖಪುಟಕ್ಕೆ ಬರುವ ಸುದ್ದಿಯಲ್ಲ ಇದು. ಆದರೆ ನನ್ನ ಲೆಕ್ಕದಲ್ಲಿ 1978ರ ಸಂವಿಧಾನ ವಿಧಿಗಿಂತ ಇದು ದೊಡ್ಡದು. ಮಗುವಿಗೆ ಏನು ಗೊತ್ತಿರಬೇಕು ಎಂದು ಕೇಳುವ ಅಧಿಕಾರ ಮೊದಲ ಬಾರಿಗೆ ಆ ಭಾಷೆಯೊಳಗಿನವರ ಕೈಗೆ ಬಂತು.

ಅದೇ 2015ರಲ್ಲಿ ರಾಜ್ಯದ ಶಿಕ್ಷಣ ಮಂಡಳಿ ಎಲ್ಲ ಶಾಲೆಗಳಿಗೂ ಹವಾಯಿ ಮೌಲ್ಯಗಳನ್ನಾಧರಿಸಿದ ಆರು ಗುರಿಗಳನ್ನು ಸಾರಿತು: ತನ್ನದೆಂಬ ಭಾವ, ಹೊಣೆ, ಶ್ರೇಷ್ಠತೆ, ‘ಅಲೋಹ’ ಅಂದರೆ ಪ್ರೀತಿ ಆದರ, ಒಟ್ಟು ಆರೋಗ್ಯ, ಹವಾಯಿ. ಒಳ್ಳೆಯ ಪದಗಳು. ಗೋಡೆಗೆ ಅಂಟಿಸಲು ಬಹಳ ಅನುಕೂಲ. ರಾಜ್ಯದ ಸುಮಾರು 1.7 ಲಕ್ಷ ಸರ್ಕಾರಿ ಶಾಲಾಮಕ್ಕಳಲ್ಲಿ ಕೈಯಾಪುನಿಯವರು ಕೆಲವೇ ಸಾವಿರ. ಉಳಿದವರ ಪಾಲಿಗೆ ಹವಾಯಿಯ ಅರಿವು ಬಹುಪಾಲು ಇಂದಿಗೂ ಆ ಅತಿಥಿಯ ಪೀರಿಯಡ್ಡೇ.

ಮನೆಯ ಹೊರಗೆ

2016ರ ರಾಜ್ಯ ಸರ್ಕಾರದ ಅಂಕಿಅಂಶದ ಪ್ರಕಾರ ಮನೆಯಲ್ಲಿ ಹವಾಯಿ ಆಡುವವರು 18 ಸಾವಿರಕ್ಕೂ ಹೆಚ್ಚು. ಆದರೆ ಮನೆಯ ಹೊರಗೆ? 2018ರ ಜನವರಿಯಲ್ಲಿ ಮಾವಿ ದ್ವೀಪದ ನ್ಯಾಯಾಲಯದಲ್ಲಿ, ದೂರದರ್ಶಕ ನಿರ್ಮಾಣದ ವಿರುದ್ಧ ಪ್ರತಿಭಟಿಸಿದ ಪ್ರಾಧ್ಯಾಪಕರೊಬ್ಬರ ಹೆಸರು ಕೂಗಲಾಯಿತು. ಅವರು ಹವಾಯಿಯಲ್ಲಿ ಉತ್ತರಿಸಿದರು. ಇಂಗ್ಲಿಷ್‌ನಲ್ಲಿ ಹೇಳದ ಕಾರಣ ಅವರು ಹಾಜರಿಲ್ಲವೆಂದೇ ಪರಿಗಣಿಸಿ ನ್ಯಾಯಾಧೀಶರು ಬಂಧನದ ವಾರಂಟ್ ಹೊರಡಿಸಿದರು. ಮನುಷ್ಯ ಎದುರಿಗೇ ನಿಂತಿದ್ದ. ಗದ್ದಲವೆದ್ದು ಮರುದಿನವೇ ವಾರಂಟ್ ಹಿಂಪಡೆಯಲಾಯಿತು. ಹವಾಯಿ ದುಭಾಷಿಗಳನ್ನು ಒದಗಿಸುವ ನೀತಿಯನ್ನು ನ್ಯಾಯಾಂಗ ಆನಂತರ ರೂಪಿಸಿತು. ಅಧಿಕೃತ ಭಾಷೆಯಾಗಿ ನಲವತ್ತು ವರ್ಷಕ್ಕೆ.

ಕೊನೆಯ ಕಂತು ಲನಾಯಿ ದ್ವೀಪದ್ದು. ಸುಮಾರು 3 ಸಾವಿರ ಜನರ ಊರು, ಒಂದೇ ಸರ್ಕಾರಿ ಶಾಲೆ, ಕೈಯಾಪುನಿ ತರಗತಿ ಇರಲಿಲ್ಲ. ಮಗಳಂದಿರಿಗೆ ಹವಾಯಿ ಮಾಧ್ಯಮ ಬೇಕೆಂದು ತಾಯಿಯೊಬ್ಬರು ರಾಜ್ಯದ ವಿರುದ್ಧ ದಾವೆ ಹೂಡಿದರು. ಶಿಕ್ಷಕರು ಸಿಗುತ್ತಿಲ್ಲ, ನಾವೇನು ಮಾಡೋಣ ಎಂಬುದು ಇಲಾಖೆಯ ವಾದ. 2019ರ ಆಗಸ್ಟಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, 1978ರ ವಿಧಿಯ ಪ್ರಕಾರ ಹವಾಯಿ ಮಾಧ್ಯಮದ ಶಿಕ್ಷಣ ಎಟುಕುವಂತೆ ಮಾಡಲು ರಾಜ್ಯ ಎಲ್ಲ ಸಮಂಜಸ ಪ್ರಯತ್ನ ಮಾಡಲೇಬೇಕು, ಅದು ಔದಾರ್ಯವಲ್ಲ ಕರ್ತವ್ಯ ಎಂಬ ಅರ್ಥದ ತೀರ್ಪು ಕೊಟ್ಟಿತು.

ಹವಾಯಿಯಲ್ಲಿ ಶಿಕ್ಷಕರಿಗೆ ‘ಕುಮು’ ಎನ್ನುತ್ತಾರೆ. ಮರದ ಬುಡಕ್ಕೂ ಅದೇ ಪದ. ತೀರ್ಪಿನಿಂದ ಕುಮು ಹುಟ್ಟುವುದಿಲ್ಲ. ಹವಾಯಿ ಬಲ್ಲ, ಗಣಿತ ಬಲ್ಲ, ಪುಟ್ಟ ದ್ವೀಪದಲ್ಲಿ ನೆಲೆಸಲು ಸಿದ್ಧನಿರುವ ಒಬ್ಬನನ್ನು ಹುಡುಕಬೇಕು, ಆಮೇಲೆ ಅವನಿಗೊಂದು ಬಾಡಿಗೆ ಮನೆ ಹುಡುಕಬೇಕು. 2012ರಿಂದ ಲನಾಯಿಯ ಶೇಕಡ 98ರಷ್ಟು ನೆಲ ಒಬ್ಬನೇ ವ್ಯಕ್ತಿಯದು, ಸಾಫ್ಟ್‌ವೇರ್ ಕಂಪನಿ ಕಟ್ಟಿದ ಲ್ಯಾರಿ ಎಲಿಸನ್‌ನದು.